ಹಿಂದಿನ ಸೀಟಿನ ಭಂಡಾರ

“ಸೋಪು ಹಚ್ಚಬ್ಯಾಡ ಅಂತ ಹೇಳಿದ್ದಿಲ್ಲೇನವ್ವಾ?”

ಅಮರನ ದನಿ ಒಡೆದಿತ್ತು. ಅವನ ತಾಯಿ ಬಸವಣ್ಣೆವ್ವ ಅಂಗಳದ ನಲ್ಲಿಯ ಹತ್ತಿರ ಸ್ಟೂಲು ಹಾಕಿಕೊಂಡು, ನೋಯುವ ಮೊಣಕಾಲನ್ನು ಚಾಚಿ ಕೂತಿದ್ದಳು. ಮುಂದಿನ ಬಕೆಟ್ಟಿನಲ್ಲಿ ಕಾರಿನ ಹಿಂದಿನ ಸೀಟಿನ ಬಟ್ಟೆಯ ಹೊದಿಕೆ ನೆನೆದಿತ್ತು. ಬಕೆಟ್ಟಿನ ನೀರು ಕೆಂಪು. ಅವಳ ಎರಡೂ ಅಂಗೈ ಕೆಂಪು. ಗಚ್ಚಿನ ಮೇಲಿಂದ ಗಟಾರದ ಕಡೆ ಹರಿದ ಗೆರೆಯೂ ಕೆಂಪು.

ಗೇಟು ತೆಗೆದು ಒಳಗೆ ಬಂದ ಅವಳ ತಮ್ಮ ಶಿವಪುತ್ರಪ್ಪ ಅಲ್ಲೇ ನಿಂತುಬಿಟ್ಟ. ಹೆಲ್ಮೆಟ್ಟು ತೆಗೆಯುವುದೂ ಮರೆಯಿತು. ಕೈಗಡಿಯಾರ ನೋಡಿದ. ಹನ್ನೊಂದೂ ಕಾಲು.

ನಾಲ್ಕು ಗಂಟೆಗೆ ಪುಣೆಯ ಹಡಪ್ಸರದ ಪೊಲೀಸ್ ಠಾಣೆಯ ಮುಂದೆ ಒಬ್ಬ ಹೆಂಗಸು ಅವನಿಗಾಗಿ ಕಾಯುತ್ತಿರುತ್ತಾರೆ. ಇಪ್ಪತ್ತನಾಲ್ಕು ದಿನದ ಹಿಂದೆ ಶಿವಪುತ್ರಪ್ಪನೇ ತಟ್ಟಿ, ಮುಟ್ಟಿ, ಮೂಸಿ ನೋಡಿ “ತಗೋ” ಎಂದು ಅಳಿಯನಿಗೆ ಕೊಡಿಸಿದ ಈ ಬಿಳಿ ಕಾರಿನ ಹಳೆಯ ಮಾಲೀಕ ಸುಬ್ಬಯ್ಯ ಮೂವತ್ತಮೂರು ದಿನದಿಂದ ಮನೆಗೆ ಬಂದಿಲ್ಲ ಎಂದು ಆ ಹೆಂಗಸು, ಸುಬ್ಬಯ್ಯನವರ ಹೆಂಡತಿ ಪ್ರೇಮಾವತಿ, ನಿನ್ನೆ ಸಂಜೆ ಫೋನಿನಲ್ಲಿ ಹೇಳಿದ್ದರು.

ಕಾರಿನ ಕಾಗದ ಈಗ ಅಮರನ ಹೆಸರಿನಲ್ಲಿದೆ. ಪೊಲೀಸರು ಮೊದಲು ಹಿಡಿಯುವ ಕೈಯೂ ಅಮರನದೇ.

“ಏನಾತೋ ನಿಮಗಿಬ್ಬರಿಗೂ?” ಬಸವಣ್ಣೆವ್ವ ತಮ್ಮನನ್ನೂ ಮಗನನ್ನೂ ಬಾರಿಬಾರಿ ನೋಡಿದಳು. “ಹೆಣ ಕಂಡವರ ಹಂಗ ನಿಂತೀರಲ್ಲ.”

“ಅಕ್ಕಾ, ಅದು ರಕ್ತ ಅದ.”

“ಯಾರ ಹೇಳಿದ್ರು?”

“ಕಣ್ಣಿಗೆ ಕಾಣಸ್ತದಲ್ಲ.”

ಬಸವಣ್ಣೆವ್ವ ಕೆಂಪು ಅಂಗೈಯನ್ನೇ ಬಾಯಿಗೆ ಅಡ್ಡ ಹಿಡಿದು ನಕ್ಕಳು. “ಮೂವತ್ತೊಂದು ವರ್ಷ ಕಾರ್ಖಾನ್ಯಾಗ ಮಾಲು ನೋಡೂ ಇನ್‌ಸ್ಪೆಕ್ಟರ್ ಆಗಿದ್ದೆಂತ. ಅರಿಷಿಣಕ್ಕ ಸೋಪು ತಾಗಿದ್ರ ಕೆಂಪ ಆಗ್ತದ ಅನ್ನೂದು ಗೊತ್ತಿಲ್ಲ. ಮದವಿ ಮನ್ಯಾಗ ಓಕಳಿ ಹ್ಯಾಂಗ ಮಾಡ್ತಾರ, ಅರಿಷಿಣಕ್ಕ ಸುಣ್ಣ ಹಾಕಿನೇ ಇಲ್ಲ? ಇದೂ ಹಂಗ. ಅಮರಾ, ಒಂದು ನಿಂಬಿಹಣ್ಣು ಹೆಚ್ಚಿ ತಾ.”

ಅಮರ ಒಳಗೆ ಹೋದ. ಅವನಿಗೆ ನಿಂಬೆಹಣ್ಣು ಹೆಚ್ಚಲು ಇಷ್ಟು ಹೊತ್ತೇಕೆ ಎಂದು ಶಿವಪುತ್ರಪ್ಪ ಬಾಗಿಲಿನಿಂದ ಇಣುಕಿದ. ಹುಡುಗ ಎಡಗೈ ಮುಷ್ಟಿ ಬಿಚ್ಚದೆ, ಬಲಗೈಯೊಂದರಲ್ಲೇ ಹಣ್ಣನ್ನು ಕಟ್ಟೆಯ ಮೇಲೆ ಒತ್ತಿ ಹೆಚ್ಚುತ್ತಿದ್ದ. ಹೋಳು ಜಾರಿತು. ಹಿಡಿಯಲು ಎಡಗೈ ಬಿಚ್ಚಿದವನು ರಸ ತಾಗಿದೊಡನೆ ಹಲ್ಲು ಕಚ್ಚಿದ.

“ಇನ್ನೂ ಉರೀತದೇನು ಗಾಯ?”

“ಪತ್ರಾ ಆಳಕ್ಕ ಹೋಗಿತ್ತಲ್ಲ ಮಾಮಾ.” ಅಮರ ಕೈಯನ್ನು ಪ್ಯಾಂಟಿಗೆ ಒರೆಸಿದ. ಅವನು ಭೋಸರಿಯ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಗುಮಾಸ್ತ. ತಗಡಿನ ಹಾಳೆ ಎತ್ತುವಾಗ ಅಂಗೈ ಕೊಯ್ದುಕೊಂಡೆ ಎಂದು ಹೋದ ತಿಂಗಳು ಹೇಳಿದ್ದ.

ಬಸವಣ್ಣೆವ್ವ ಒದ್ದೆ ಹೊದಿಕೆಯ ಮೇಲೆ ನಿಂಬೆರಸ ಹಿಂಡಿ ಹೆಬ್ಬೆರಳಿನಿಂದ ತಿಕ್ಕಿದಳು. ಕೆಂಪು ಸರಿದು ಹಳದಿ ಬಂತು. ಇನ್ನೊಂದು ಕಡೆ ಹಿಂಡಿದಳು. ಅಲ್ಲೂ ಹಳದಿ.

“ನೋಡ್ರಿ ನಿಮ್ಮ ರಕ್ತ.”

ಅಮರ ಗೋಡೆಗೆ ಒರಗಿ ಉಸಿರು ಬಿಟ್ಟ. ಶಿವಪುತ್ರಪ್ಪನೂ ಹೆಲ್ಮೆಟ್ಟು ತೆಗೆದ. ಆದರೆ ಆ ನೆಮ್ಮದಿ ಅವನಲ್ಲಿ ಎರಡು ನಿಮಿಷ ನಿಲ್ಲಲಿಲ್ಲ. ಕಾರ್ಖಾನೆಯಲ್ಲಿದ್ದಾಗಲೂ ಹೀಗೆಯೇ. ಎಲ್ಲ ಅಳತೆ ಸರಿ ಬಂದ ಮಾಲೇ ಅವನ ನಿದ್ದೆ ಕೆಡಿಸುತ್ತಿತ್ತು.

ಒಂದು ಸೀಟಿಗೆ ಇಷ್ಟು ಅರಿಸಿನ ಹೇಗೆ ಇಳಿಯಿತು?

ಕಾರು ನೋಡಲು ಹೋದ ದಿನ ಅವನಿಗೆ ಕಣ್ಣಿಗೆ ಕಟ್ಟಿದಂತೆ ನೆನಪಿತ್ತು. ಮೊಣಕಾಲು ನೋವಿನ ಅಕ್ಕನನ್ನು ಆಸ್ಪತ್ರೆಗೆ ಕರೆದೊಯ್ಯಲು ರಿಕ್ಷಾ ಆಗುವುದಿಲ್ಲ, ಹಳೆಯದಾದರೂ ಒಂದು ಕಾರು ಬೇಕು ಎಂದು ಅಮರ ಹಟ ಹಿಡಿದಿದ್ದ. ಬಸವಣ್ಣೆವ್ವ ಒಂದೇ ಮಾತು ಹೇಳಿದ್ದಳು: ತಮ್ಮ ನೋಡಿ ಹೂಂ ಅಂದರೆ ಮಾತ್ರ. ಶಿವಪುತ್ರಪ್ಪ ಮೂರು ತಾಸು ನೋಡಿದ್ದ. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಾಗಿಲುಗಳ ಮೇಲೆ ಆಡಿಸಿ ಎಲ್ಲಿ ಪುಟ್ಟಿ ತುಂಬಿದ್ದಾರೆ ಎಂದು ನೋಡಿದ್ದ. ಟೈರಿನ ಮೇಲೆ ಒತ್ತಿದ ತಯಾರಿಯ ವಾರ ಓದಿದ್ದ. ಎಣ್ಣೆಯ ಮುಚ್ಚಳ ತೆಗೆದು ಬೆರಳಿಟ್ಟು ಮೂಸಿದ್ದ. ಮುಂದಿನ ಎರಡೂ ಬೆಲ್ಟನ್ನು ಕೊನೆಯವರೆಗೂ ಎಳೆದು, ಕೆಸರಿನ ಗೆರೆ ಇದೆಯೇ, ಗಾಡಿ ಎಂದಾದರೂ ನೆರೆಯಲ್ಲಿ ಮುಳುಗಿತ್ತೇ ಎಂದು ಪರೀಕ್ಷಿಸಿದ್ದ.

ಹಿಂದಿನ ಬಾಗಿಲು ತೆಗೆದಾಗ ಮಾತ್ರ ಕೈ ತಡೆದಿತ್ತು. ಎಡಬದಿಯ ಸೀಟಿನ ಮೇಲೆ ಕೆಂಪು ವಸ್ತ್ರ ಹಾಸಿ, ಅದರ ಮೇಲೆ ಖಂಡೋಬನ ಸಣ್ಣ ಫೋಟೋ ಇಟ್ಟು, ಸುತ್ತಲೂ ಭಂಡಾರ, ದೇವರ ಅರಿಸಿನ ಪುಡಿ, ಚೆಲ್ಲಿತ್ತು. ಖಂಡೋಬನೆಂದರೆ ಅವರ ಮನೆದೇವರು ಮೈಲಾರಲಿಂಗನೇ. ದೇವರ ಭಂಡಾರವನ್ನು ಜಾಡಿಸಿ ಸೀಟು ಎತ್ತುವುದು ಹೇಗೆ? ಶಿವಪುತ್ರಪ್ಪ ಚಪ್ಪಲಿ ಬಿಟ್ಟು, ಒಂದು ಚಿಟಿಕೆ ಹಣೆಗೆ ಹಚ್ಚಿಕೊಂಡು, ಬಾಗಿಲು ಮುಚ್ಚಿದ್ದ. ಇಡೀ ಕಾರಿನಲ್ಲಿ ಅವನು ಮುಟ್ಟದ ಜಾಗ ಅದೊಂದೇ.

“ಅಕ್ಕಾ, ಈ ಭಂಡಾರದಾಗ ಏನರ ಬ್ಯಾರೆ ಕಂಡ್ತೇನು?”

“ನಾನೂ ಅದನ್ನ ಹೇಳಬೇಕಂತಿದ್ದೆ.” ಬಸವಣ್ಣೆವ್ವ ಹೊದಿಕೆಯ ಮಡಿಕೆ ಬಿಚ್ಚಿದಳು. “ಖಂಡೋಬನ ಜೇಜುರಿ ಭಂಡಾರದಾಗ ಖೋಬ್ರಿ ಚೂರು ಇರ್ತಾವ. ಅಲ್ಲೆ ಭಂಡಾರ ಹಾರಸೂದು ಖೋಬ್ರಿ ಕೂಡೇನ. ನಾವು ಹೋಗಿ ಬಂದಾಗ ಸೀರಿ ನಿರಿಗ್ಯಾಗ ವಾರಗಟ್ಟಲೆ ಸಿಗ್ತಿದ್ದು. ಇದರಾಗ ಒಂದೂ ಇಲ್ಲ. ಇದು ಅಂಗಡ್ಯಾಗ ಕಿಲೋ ಲೆಕ್ಕದಾಗ ಕೊಡ್ತಾರ ನೋಡು, ಅಡಿಗೀ ಅರಿಷಿಣ.”

“ಸಾಕು ಬಿಡ್ರಿ ಮಾಮಾ,” ಅಂದ ಅಮರ. “ಅರಿಷಿಣ ಅಂದ್ಮ್ಯಾಲ ಮುಗೀತಲ್ಲ. ಆ ಹೆಣ್ಣಮಗಳಿಗೆ ಗಾಡಿ ವಾಪಸ್ ಕೊಟ್ಟುಬಿಡೂಣು. ನನಗ ಗಾಡಿ ಬ್ಯಾಡ.”

“ಗಾಡಿ ವಾಪಸ್ ಕೊಟ್ರ ಆಕಿ ಗಂಡ ವಾಪಸ್ ಬರ್ತಾನೇನು?”

ಶಿವಪುತ್ರಪ್ಪ ಗೇಟಿನ ಹೊರಗೆ ನಿಂತಿದ್ದ ಕಾರಿನ ಹಿಂದಿನ ಎಡಬಾಗಿಲು ತೆಗೆದ. ಹೊದಿಕೆ ಇಲ್ಲದ ಸೀಟು ಹಳದಿ ಬಳಿದಂತೆ ಕಂಡಿತು. ಪಕ್ಕದ ಸೀಟಿನ ಮೇಲೆ ಅರಿಸಿನದ ಒಂದು ಕಣವೂ ಇರಲಿಲ್ಲ. ಬೆಲ್ಟಿನ ಗುಂಡಿ ಸಿಕ್ಕಿಸುವ ಜಾಗದ ಕೆಳಗೆ, ಹೊದಿಕೆ ತಲುಪದ ಕಡೆ, ಹಳದಿಯ ಒಳಗಿನಿಂದ, ಅಂಗೈಯಗಲ ಜಾಗ ತುಸು ಕಪ್ಪಗಿತ್ತು. ಅದನ್ನು ಅವನು ಮುಟ್ಟಲಿಲ್ಲ. ಬೆಲ್ಟನ್ನು ಎಳೆದ.

ಬೆಲ್ಟಿನ ಬುಡದಲ್ಲಿ ಕಾರ್ಖಾನೆಯವರು ಹೊಲಿದ ಸಣ್ಣ ಬಿಳಿ ಪಟ್ಟಿ ಇರುತ್ತದೆ. ತಯಾರಾದ ವರ್ಷ ಅದರಲ್ಲಿರುತ್ತದೆ. ಕನ್ನಡಕ ಹಣೆಗೇರಿಸಿ ಓದಿದ. 2020. ಬಲಬದಿಯ ಬೆಲ್ಟು ಎಳೆದ. 2017. ನಡುವಿನದೂ, ಮುಂದಿನ ಎರಡೂ 2017.

ಐದು ಬೆಲ್ಟಿನ ಗಾಡಿಯಲ್ಲಿ ಒಂದನ್ನು ಮಾತ್ರ ಯಾರೋ ಬದಲಾಯಿಸಿದ್ದರು. ಅದೂ ಹಿಂದಿನದು. ಪುಣೆಯಲ್ಲಿ ಹಿಂದೆ ಕೂತು ಬೆಲ್ಟು ಹಾಕಿಕೊಳ್ಳುವವರನ್ನು ಶಿವಪುತ್ರಪ್ಪ ತನ್ನ ಜನ್ಮದಲ್ಲಿ ಇಬ್ಬರನ್ನೋ ಮೂವರನ್ನೋ ಕಂಡಿದ್ದ.

ಬೇವಿನ ಗಿಡದ ಕೆಳಗೆ ನಿಂತು ಫೋನ್ ಮಾಡಿದ.

“ಅಮ್ಮಾರ, ನಾನು ಶಿವಪುತ್ರಪ್ಪ. ನಾಲ್ಕಕ್ಕ ಬರ್ತೀನಿ, ಮಾತು ತಪ್ಪೂದಿಲ್ಲ. ಅದಕ್ಕೂ ಮೊದಲ ಒಂದ ಮಾತು ಕೇಳೂದಿತ್ತು. ನಿಮ್ಮ ಯಜಮಾನ್ರು ಗಾಡಿಯೊಳಗ ಎಲ್ಲೆ ಕೂಡ್ತಿದ್ರು?”

“ಹಿಂದೆ. ಎಡಗಡೆ.” ಪ್ರೇಮಾವತಿಯ ಮಾತಿನಲ್ಲಿ ಕುಂದಾಪುರ ಕಡೆಯ ರಾಗವಿತ್ತು. ಗಂಡ ಹೆಂಡತಿ ಮಗರಪಟ್ಟಾದ ಹತ್ತಿರ ಇಪ್ಪತ್ತು ವರ್ಷದಿಂದ ಹೋಟೆಲು ನಡೆಸಿಕೊಂಡು ಬಂದವರು. “ಅವರಿಗೆ ಕಾರು ಬಿಡ್ಲಿಕ್ಕೆ ಬರುದಿಲ್ಲ ಮಾರಾಯ್ರೆ. ಕಲೀಲೇ ಇಲ್ಲ. ಒಮ್ಮೆ ಘಾಟಿಯಲ್ಲಿ ಆಕ್ಸಿಡೆಂಟ್ ಆದ ಮೇಲೆ ಹಿಂದೆ ಕೂತರೂ ಬೆಲ್ಟ್ ಹಾಕ್ಕೊಳ್ತಿದ್ರು. ಹೋಟ್ಲಿನ ಹುಡುಗರೆಲ್ಲ ನಗ್ತಿದ್ರು.”

“ಆ ದಿವಸ ಗಾಡಿ ಯಾರ ಹೊಡಿತಿದ್ರು?”

“ನಮ್ಮ ಡ್ರೈವರ್ ರಜೆ. ಬದಲಿಗೆ ಯಾರನ್ನೋ ಕರೆಸಿದ್ರು. ನಾನು ನೋಡ್ಲಿಲ್ಲ. ಕನ್ನಡ ಮಾತಾಡುವವ ಸಿಕ್ಕಿದ ಅಂತ ಖುಷಿಯಲ್ಲಿ ಹೇಳಿ ಹೋದ್ರು.” ಮತ್ತೆ ಕೇಳಿದರು, “ಕಾರು ತೆಗೊಂಡ ನಿಮ್ಮ ಅಳಿಯನ ಹೆಸರೇನು ಹೇಳಿದ್ರಿ?”

“ಹೇಳಿಲ್ರಿ. ಎದುರಿಗೆ ಬಂದಾಗ ಹೇಳ್ತೀನಿ.”

ನಿಲ್ಲಿಸಿದ್ದ ಕಾರನ್ನು ಎಲ್ಲೋ ಕಂಡ ಪ್ರೇಮಾವತಿಯವರಿಗೆ ಸಿಕ್ಕಿದ್ದು ಶಿವಪುತ್ರಪ್ಪನ ನಂಬರು ಮಾತ್ರ. ಗಾಡಿ ಅಡ್ಡ ಬಂದರೆ ಫೋನ್ ಮಾಡಿ ಎಂದು ಗಾಜಿನ ಹಿಂದೆ ಇಡುವ ಚೀಟಿಯಲ್ಲಿ ಅವನೇ ತನ್ನ ನಂಬರು ಬರೆದಿಟ್ಟಿದ್ದ. ಅಮರನ ಫೋನು ಕಾರ್ಖಾನೆಯ ಗೇಟಿನಲ್ಲಿ ಜಮಾ ಆಗಿರುತ್ತದಲ್ಲ.

“ಇನ್ನೊಂದು ಮಾತ್ರೀ. ತಪ್ಪು ತಿಳೀಬ್ಯಾಡ್ರಿ. ಒಂದು ತಿಂಗಳ ಮ್ಯಾಲ ಆತು. ಪೊಲೀಸರಿಗೆ ಯಾಕ ಹೇಳ್ಲಿಲ್ಲ?”

“ಹೇಳದೆ ಊರಿಗೆ ಹೋಗುವ ಅಭ್ಯಾಸ ಉಂಟು ಅವರಿಗೆ. ಹೋಟ್ಲಿನ ಹೆಸರು ಹಾಳಾಗ್ತದಲ್ವಾ? ನಾಲ್ಕು ಗಂಟೆ ಅಂದ್ರೆ ನಾಲ್ಕು ಗಂಟೆ ಆಯ್ತಾ. ನಾಲ್ಕೂ ಕಾಲಿಗೆ ನಾನು ಒಬ್ಬಳೇ ಒಳಗೆ ಹೋಗ್ತೇನೆ, ಕಾರಿನ ನಂಬರು ಕೊಡ್ತೇನೆ.”

ಶಿವಪುತ್ರಪ್ಪ ಫೋನ್ ಜೇಬಿಗಿಟ್ಟ. ಬದಲಿ ಬೆಲ್ಟು, ಅಂಗಡಿಯ ಅರಿಸಿನ, ಕನ್ನಡ ಮಾತಾಡುವ ಡ್ರೈವರು. ಮೂರೂ ಒಂದೇ ಕಡೆ, ಗಾಡಿ ಮಾರಿದ ಸ್ವಪ್ನಿಲ್‌ನ ಕಡೆ, ಬೆರಳು ತೋರಿಸುತ್ತಿದ್ದವು.

ಒಳಗೆ ಹೋಗಿ, ಸೋಪಿನ ನೀರಿನಲ್ಲಿ ಅದ್ದಿದ ಒಂದು ಚಿಂದಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡ. ಉಳಿದ ಅರ್ಧ ನಿಂಬೆಹಣ್ಣನ್ನು ಅಂಗಿಯ ಜೇಬಿಗೆ ಹಾಕಿಕೊಂಡ.

“ಇಲ್ಲೇ ನೋಡಬಾರದೇನು?” ಅಂದಳು ಬಸವಣ್ಣೆವ್ವ.

“ಕೆಟ್ಟ ಮಾಲು ಮಾಡಿದವನ ಎದುರಿಗೇ ಅಳೀಬೇಕಕ್ಕ. ಮಾಲು ಸುಳ್ಳು ಹೇಳಬಹುದು, ಮಾಡಿದವನ ಮುಖ ಹೇಳೂದಿಲ್ಲ.” ಅವನು ಅಳಿಯನ ಕಡೆ ತಿರುಗಿದ. “ನಡಿ, ಗಾಡಿ ತಗಿ. ಸ್ವಪ್ನಿಲ್‌ನ ಹತ್ರ ಹೋಗೂಣು.”

ಅಮರ ಅಲುಗಲಿಲ್ಲ. “ಅವನೇನು ಹೇಳ್ತಾನ ಮಾಮಾ? ಗಾಡಿ ಮಾರಾವ. ಸುಳ್ಳು ಹೇಳ್ತಾನ.”

“ಹೇಳ್ಲಿ. ಅದಕ್ಕ ಹೊಂಟೀನಿ.”

ಬಸವಣ್ಣೆವ್ವ ಗೇಟಿನವರೆಗೂ ಗೋಡೆ ಹಿಡಿದುಕೊಂಡು ಬಂದಳು. ತಮ್ಮನ ತೋಳು ಮುಟ್ಟಿದಳು. ನಗು ಹೋಗಿತ್ತು. “ನನ್ನ ಮೊಣಕಾಲಿಗಾಗಿ ಹುಡುಗ ಗಾಡಿ ತಗೊಂಡಾನ. ಅವನಿಗೇನೂ ಆಗಬಾರ್ದು ತಮ್ಮಾ.”

“ಆಗೂದಿಲ್ಲ. ಹೂಂ ಅಂದವ ನಾನು. ಬಿಡಸ್ಕೊಂಡು ಬರಾವನೂ ನಾನ.”

ಮೋಶಿ ರಸ್ತೆಯುದ್ದಕ್ಕೂ ಅಮರ ತಡಬಡಿಸಿ ಗಾಡಿ ಓಡಿಸಿದ. ಎದುರಿನ ಟೆಂಪೋಗೆ ಸುಮ್ಮಸುಮ್ಮನೆ ಹಾರ್ನ್ ಹೊಡೆದ. ಎರಡು ಸಲ ಗೇರು ತಪ್ಪಿತು. ಸಿಗ್ನಲ್ಲಿನಲ್ಲಿ ನಿಂತಾಗ ಸ್ಟೀರಿಂಗ್ ಮೇಲೆ ಬೆರಳು ಬಡಿಯುತ್ತಿದ್ದ. ಹೆದರಿದ್ದಾನೆ, ಪಾಪ, ಅಂದುಕೊಂಡ ಶಿವಪುತ್ರಪ್ಪ. ತಂದೆ ಇಲ್ಲದ ಹುಡುಗ. ಸೈಕಲ್ಲು ಕಲಿಸಿದ್ದೂ ತಾನೇ, ಭೋಸರಿಯ ಖಾಲಿ ಪ್ಲಾಟಿನಲ್ಲಿ. ಬಿದ್ದರೆ ಅಳುತ್ತಿರಲಿಲ್ಲ. ಗಾಯವನ್ನು ಮುಚ್ಚಿಟ್ಟುಕೊಳ್ಳುತ್ತಿದ್ದ.

ಸ್ವಪ್ನಿಲ್‌ನ ಗಾಡಿ ಅಂಗಳ ತಗಡಿನ ಮಾಡಿನ ಕೆಳಗಿತ್ತು. ಇಪ್ಪತ್ತು ಹಳೆಯ ಕಾರು, ಎಲ್ಲವಕ್ಕೂ ಹೊಸ ಹೊಳಪು. ಸ್ವಪ್ನಿಲ್ ಹುಟ್ಟಿದ್ದು ಪುಣೆಯಲ್ಲಿ, ತಂದೆತಾಯಿ ಸೊಲ್ಲಾಪುರದ ಕಡೆಯ ಕನ್ನಡದವರು. ಗಿರಾಕಿಯ ಮುಖ ನೋಡಿ ಮರಾಠಿಯೋ ಕನ್ನಡವೋ ಎಂದು ನಿರ್ಧರಿಸುತ್ತಿದ್ದ.

“ಯಾ ಕಾಕಾ, ಬರ್ರಿ, ಬರ್ರಿ. ಚಹಾ ಹೇಳ್ಲಿ? ಗಾಡಿ ಏನಂತದ?”

“ಗಾಡಿ ಭಾಳ ಮಾತಾಡ್ತದಪಾ. ಅದಕ್ಕ ಬಂದೀನಿ.” ಶಿವಪುತ್ರಪ್ಪ ಹಿಂದಿರುಗಿ ನೋಡಿದ. ಅಮರ ಕೆಳಗೆ ಇಳಿದಿರಲಿಲ್ಲ. ಎಂಜಿನ್ನೂ ಆರಿಸಿರಲಿಲ್ಲ. “ಬಂದ್ ಮಾಡು. ಕೀಲಿ ಕೊಡು ಇಲ್ಲೆ.”

ಅಮರ ಕಿಟಕಿಯಿಂದ ಕೀಲಿ ಚಾಚಿದ. ಕಣ್ಣು ಮೇಲೆತ್ತಲಿಲ್ಲ.

“ಜಗಳಕ್ಕ ಬಂದಿಲ್ಲ ಸ್ವಪ್ನಿಲ್. ಹಿಂದಿನ ಎಡಗಡೆ ಬೆಲ್ಟ್ ಬದ್ಲಿ ಆಗೇದ. ಯಾಕ?”

“ಅದಾ? ಇಲಿ ಕಡಿದಿತ್ರಿ. ನಿಮಗ ತ್ರಾಸ ಆಗಬಾರ್ದಂತ ನಾವ ಬದ್ಲಿ ಮಾಡ್ಸೀವಿ. ಎಕ್ಸ್‌ಟ್ರಾ ಏನರ ತಗೊಂಡೇನು ನಿಮ್ಮ ಕಡೆ?”

“ಒಳ್ಳೆ ಇಲಿ ಇರಬೇಕು. ಮೆತ್ತನ್ನ ಸ್ಪಂಜು ಬಿಟ್ಟು ಬಿರುಸ ಬೆಲ್ಟ್ ತಿಂದದ.”

ಸ್ವಪ್ನಿಲ್ ನಕ್ಕ. ನಗು ಹಲ್ಲಿನವರೆಗೇ ಇತ್ತು.

“ಭಂಡಾರ ಯಾರ ಹಾಕಿದ್ರು?”

“ಅದು ಸುಬ್ಬಯ್ಯ ಶೇಠ್‌ರದು. ಜೇಜುರಿಗೆ ಹೋಗಿ ಬಂದಿದ್ರು. ದೇವರದು, ಯಾಕ ಮುಟ್ಟೂದು ಅಂತ ಹಂಗ ಬಿಟ್ಟೆ.”

“ಖೋಬ್ರಿ ಎಲ್ಲಿ ಹೋತು?”

“ಆಂ?”

“ಜೇಜುರಿ ಭಂಡಾರದಾಗ ಖೋಬ್ರಿ ಇರ್ತದ. ಇದರಾಗಿಲ್ಲ. ಇದು ಕಿರಾಣಿ ಅಂಗಡಿ ಅರಿಷಿಣ. ಅದೂ ಇಲಿ ತಿಂತೇನು?”

ಸ್ವಪ್ನಿಲ್ ತಲೆಯ ಮೇಲಿದ್ದ ತಂಪುಕನ್ನಡಕ ತೆಗೆದು ಅಂಗಿಯಿಂದ ಒರೆಸತೊಡಗಿದ. ಚಹಾದ ಮಾತು ಮತ್ತೆ ಬರಲಿಲ್ಲ.

“ಗಾಡಿ ಇಲ್ಲಿಗೆ ತಂದವರು ಯಾರು?”

“ಸುಬ್ಬಯ್ಯ ಶೇಠ್. ಸ್ವತಃ. ಅಲ್ಲೆ ಗೇಟಿನಿಂದ ರಿವರ್ಸ್ ತಗೊಂಡು, ಈ ಖಾಂಬದ ಹತ್ರ ನಿಲ್ಲಿಸಿ, ಕೀಲಿ ನನ್ನ ಕೈಯಾಗ ಕೊಟ್ರು. ಸಹಿ ಮಾಡಿದ್ರು. ಊರಿಗೆ ಹೊಂಟೀನಿ, ಇನ್ನ ಬರೂದಿಲ್ಲ ಅಂದ್ರು.”

“ರಿವರ್ಸ್ ತಗೊಂಡ್ರು?”

“ಹೌದ್ರಿ, ಒಂದ ಏಟಿನಾಗ.”

“ಅವರಿಗೆ ಗಾಡಿ ಹೊಡಿಲಿಕ್ಕ ಬರೂದಿಲ್ಲ.”

ಅಂಗಳದ ಆಚೆ ತುದಿಯಲ್ಲಿ ಯಾರೋ ಕಾರು ತೊಳೆಯುವ ಪಂಪು ನಿಲ್ಲಿಸಿದರು. ಆ ಸದ್ದು ನಿಂತ ಮೇಲೆಯೇ ಅದು ಅಷ್ಟು ಹೊತ್ತು ಇತ್ತೆಂಬುದು ತಿಳಿಯಿತು.

ಶಿವಪುತ್ರಪ್ಪ ಕಾರಿನ ಹಿಂದಿನ ಬಾಗಿಲು ತೆಗೆದ. ಚಪ್ಪಲಿ ಬಿಡಲಿಲ್ಲ. ಚೀಲದಿಂದ ಸೋಪಿನ ಚಿಂದಿ ತೆಗೆದು ಸೀಟಿನ ಒಂದು ಮೂಲೆ ಒರೆಸಿದ. ಹಳದಿ ಕೆಂಪಾಯಿತು. ನಿಂಬೆಯ ಹೋಳು ಹಿಂಡಿದ. ಕೆಂಪು ಹಳದಿಯಾಯಿತು.

“ಇದು ಅರಿಷಿಣ. ಇಲ್ಲಿಗೆ ಬಾ. ಇದನ್ನ ನೋಡು.”

ಕಪ್ಪಗಿದ್ದ ಜಾಗದ ಒಂದು ಅಂಚನ್ನು ಮಾತ್ರ, ಉಗುರಿನಷ್ಟು ಅಗಲಕ್ಕೆ, ಒರೆಸಿದ. ಉಳಿದದ್ದು ಪೊಲೀಸರಿಗೆ ಬೇಕು. ಚಿಂದಿಗೆ ಕೆಂಪು ಹತ್ತಿತು. ಅದರ ಮೇಲೆ ನಿಂಬೆ ಹಿಂಡಿದ. ಎಣಿಸಿಕೊಂಡು ಕಾಯ್ದ. ಇಪ್ಪತ್ತು. ಮೂವತ್ತು. ಇನ್ನೊಮ್ಮೆ ಹಿಂಡಿದ.

ಸುತ್ತಲಿನ ಅರಿಸಿನ ಹಳದಿಗೆ ತಿರುಗಿತು. ನಡುವಿನದು ತಿರುಗಲಿಲ್ಲ. ಕಂದು ಕೆಂಪಾಗಿ ಹಾಗೆಯೇ ಉಳಿಯಿತು.

ಶಿವಪುತ್ರಪ್ಪ ಕಲೆಯನ್ನು ಬಿಟ್ಟು ಸ್ವಪ್ನಿಲ್‌ನ ಮುಖ ನೋಡಿದ. ಇಷ್ಟು ದೂರ ಬಂದದ್ದೇ ಈ ಒಂದು ಕ್ಷಣಕ್ಕಾಗಿ. ತಪ್ಪು ಮಾಡಿದವನು ಅಳತೆಪಟ್ಟಿಯನ್ನೇ ನೋಡುತ್ತಾನೆ, ಮೂವತ್ತೊಂದು ವರ್ಷದಲ್ಲಿ ಒಬ್ಬನೂ ಇದನ್ನು ಸುಳ್ಳು ಮಾಡಿರಲಿಲ್ಲ.

ಸ್ವಪ್ನಿಲ್ ಕಲೆಯನ್ನು ನೋಡುತ್ತಿರಲಿಲ್ಲ. ಮುಂದಿನ ಸೀಟಿನಲ್ಲಿ ಕೂತಿದ್ದ ಅಮರನ ಬೆನ್ನನ್ನು ನೋಡುತ್ತಿದ್ದ.

“ನಾಲ್ಕಕ್ಕ ಪೊಲೀಸರ ಹತ್ರ ಹೊಂಟೀನಿ,” ಅಂದ ಶಿವಪುತ್ರಪ್ಪ. “ನೀನ ನಿನ್ನ ಬಾಯಿಂದ ಹೇಳಿದ್ರ ನಿನಗ ಹಗುರ ಆಗ್ತದ. ಅರಿಷಿಣ ಹಾಕಿದವ ನೀನಲ್ಲೇನು?”

“ಕಾಕಾ.” ಸ್ವಪ್ನಿಲ್ ಕನ್ನಡಕವನ್ನು ಮಡಿಚಿ ಜೇಬಿಗಿಟ್ಟ. “ನಾನು ಹಳೇ ಗಾಡಿ ಮಾರಾವ. ಸುಳ್ಳು ಹೇಳ್ತೀನಿ, ನಿಮ್ಮ ಎದುರಿಗೆ ಒಪ್ಪತೀನಿ. ಗೀರು ಮುಚ್ಚತೀನಿ, ಹಳೇ ಟೈರಿಗೆ ಕಪ್ಪು ಹಚ್ಚತೀನಿ. ಶೇಠ್ ಬಂದ್ರು ಅನ್ನೂದೂ ಸುಳ್ಳು, ಸಹಿ ಆಗಿದ್ದ ಕಾಗದ ಅಷ್ಟ ಬಂದಿದ್ದು. ಆದ್ರ ಒಂದು ವಿಚಾರ ಮಾಡ್ರಿ. ನಿಮ್ಮ ಮನಿದೇವ್ರು ಯಾವುದು ಅಂತ ನನಗ ಹ್ಯಾಂಗ ಗೊತ್ತಿರಬೇಕು?”

ಶಿವಪುತ್ರಪ್ಪ ನಿಂಬೆಯ ಹೋಳನ್ನು ಕೆಳಗಿಟ್ಟ.

“ನೀವು ಮೂರು ತಾಸು ನೋಡ್ತೀರಿ, ಬೆಲ್ಟ್ ಎಳೀತೀರಿ, ಸೀಟು ಎತ್ತತೀರಿ, ಅದೂ ನನಗ ಹ್ಯಾಂಗ ಗೊತ್ತಿರಬೇಕು? ಆ ದಿವಸಕ್ಕ ಮೊದಲ ನಿಮ್ಮ ಮುಖಾನ ನಾ ನೋಡಿದ್ದಿಲ್ಲ.” ಸ್ವಪ್ನಿಲ್ ಮಾತು ತಗ್ಗಿಸಿದ. “ಹಿಂದಿನ ದಿವಸ ಸಂಜಿಕಡೆ ಅರಿಷಿಣದ ಪುಡಕಿ, ಫೋಟೋ, ಕೆಂಪ ಅರಿವಿ ತಗೊಂಡು ಬಂದ. ತನ್ನ ಕೈಯಾರೆ ಹಾಸಿದ. ಭಂಡಾರ ಇದ್ದಲ್ಲೆ ನಮ್ಮ ಮಾಮಾ ಕೈ ಹಚ್ಚೂದಿಲ್ಲ ಅಂದ. ಹಚ್ಚಲಿಲ್ಲ ನೀವು. ಚಪ್ಪಲಿ ಸುದ್ದಾ ಬಿಟ್ರಿ.”

ಶಿವಪುತ್ರಪ್ಪನಿಗೆ ತಗಡಿನ ಮಾಡು ತುಸು ಕೆಳಗೆ ಬಂದಂತಾಯಿತು. ಕಾರಿನ ಬಾಗಿಲು ಹಿಡಿದುಕೊಂಡ. ಸೋಪು ಹಚ್ಚಬ್ಯಾಡ ಅಂತ ಹೇಳಿದ್ದಿಲ್ಲೇನವ್ವಾ. ಬೆಳಿಗ್ಗೆ ಆ ಮಾತು ಕೇಳಿದಾಗ ಅದರಲ್ಲಿ ಅವನಿಗೆ ಹೆದರಿಕೆ ಮಾತ್ರ ಕೇಳಿಸಿತ್ತು. ತೊಳೆಯುವ ಮೊದಲೇ ಬೇಡವೆಂದು ಹೇಳಿದ್ದನಲ್ಲ, ಸೀಟಿನಲ್ಲಿ ಏನಿದೆ ಎಂದು ಅವನಿಗೆ ಆಗಲೇ ಗೊತ್ತಿತ್ತು ಎಂಬುದು ಹೊಳೆದಿರಲಿಲ್ಲ.

ಮುಂದಿನ ಬಾಗಿಲು ತೆರೆಯಿತು. ಅಮರ ಇಳಿದ. ಓಡಲಿಲ್ಲ. ಮಾಮನ ಮುಂದೆ ಬಂದು ನಿಂತ. ಚಿಕ್ಕವನಿದ್ದಾಗ ಸೈಕಲ್ಲಿನಿಂದ ಬಿದ್ದು ಬಂದು ನಿಲ್ಲುತ್ತಿದ್ದನಲ್ಲ, ಹಾಗೆ.

“ಅವ ಹೇಳೂದು ಖರೇನೋ?”

“ಖರೆ ಮಾಮಾ.”

“ಗಾಡಿ ಹೊಡೆದವನೂ ನೀನ?”

“ಹೂಂ. ಸುಟಿ ದಿವಸ ಬದಲಿ ಡ್ರೈವರ್ ಕೆಲಸಕ್ಕ ಹೋಗ್ತಿದ್ದೆ.” ಅಮರ ಎಡಗೈ ಬಿಚ್ಚಿದ. ಅಂಗೈಗೆ ಅಡ್ಡಲಾಗಿ, ಈ ತುದಿಯಿಂದ ಆ ತುದಿಗೆ, ನೇರವಾದ ಹೊಸ ಚರ್ಮದ ಗೆರೆ ಇತ್ತು. ತಗಡಿನ ಹಾಳೆ ಹಾಗೆ ನೇರ ಕೊಯ್ಯುವುದಿಲ್ಲ. ಅದು ಚಾಕುವಿನ ಗಾಯ. 

“ಆ ರಕ್ತ ಸುಬ್ಬಯ್ಯನವರದ್ದಲ್ಲ. ನಂದು. ಬೆಲ್ಟ್ ಕೊಯ್ದವ ನಾನ. ಗುಂಡಿ ಸಿಕ್ಕೊಂಡಿತ್ತು, ಅವರನ್ನ ಹೊರಗ ತಗೀಲಿಕ್ಕೆ ಬ್ಯಾರೆ ದಾರಿ ಇದ್ದಿಲ್ಲ.”

“ಅವರು...”

“ಜೀವಂತ ಅದಾರ.”

ಸ್ವಪ್ನಿಲ್ ಎರಡು ಹೆಜ್ಜೆ ಹಿಂದೆ ಸರಿದು ಬೇರೆ ಕಡೆ ನೋಡತೊಡಗಿದ. ಇದು ಅವನಿಗೂ ಹೊಸ ಸುದ್ದಿ ಎಂಬುದು ಮುಖದಲ್ಲೇ ಇತ್ತು.

“ಜೀವಂತ ಇದ್ರ ಇಷ್ಟು ನಾಟಕ ಯಾಕೋ? ಆ ತಾಯಿ ಒಂದು ತಿಂಗಳಿಂದ ಕಾಯಕತ್ಯಾಳ. ನಿನ್ನ ತಾಯಿ ಗ್ವಾಡಿ ಹಿಡ್ಕೊಂಡು ಗೇಟಿಗೆ ಬಂದಿದ್ಳು, ಮಗನಿಗೇನೂ ಆಗಬಾರ್ದಂತ.”

“ಗಾಡಿ ಬ್ಯಾರೆಯವರ ಕೈಗೆ ಹೋಗಬಾರ್ದಿತ್ತು ಮಾಮಾ. ಅದಕ್ಕ ನಾನ ತಗೊಂಡೆ. ಅವ್ವ ನಿಮ್ಮನ್ನ ಕೇಳದ ಒಪ್ಪತಿದ್ದಿಲ್ಲ. ನಿಮ್ಮನ್ನ ಮೋಸ ಮಾಡೂದು ನನಗ...” ಅಮರ ಬಲಗೈಯಿಂದ ಮುಖ ಒರೆಸಿಕೊಂಡ. “ಉಳಿದದ್ದು ಆಮ್ಯಾಲ ಬೈರಿ. ಒಂದ ಕೇಳಿಕೋತೀನಿ. ನಾಲ್ಕಕ್ಕ ಆ ಹೆಣ್ಣಮಗಳ ಹತ್ರ ಹೋಗಬ್ಯಾಡ್ರಿ. ಅವರು ಎಲ್ಲೆ ಅದಾರ ಅನ್ನೂದು ಆಕಿಗೆ ತಿಳೀಬಾರ್ದು.”

“ಗಂಡ ಹೆಂಡ್ತಿ ಅವರು.”

“ಹೌದು ಮಾಮಾ.”

ಶಿವಪುತ್ರಪ್ಪ ಅಳಿಯನ ಕಣ್ಣನ್ನು ನೋಡಿದ. ಸುಳ್ಳೋ ನಿಜವೋ ಎಂದು ಅಳೆಯಲು ಅವನ ಬಳಿ ಈಗ ಯಾವ ಪಟ್ಟಿಯೂ ಇರಲಿಲ್ಲ. ಕಬ್ಬಿಣದಲ್ಲಿ ಕೂದಲೆಳೆಯ ವ್ಯತ್ಯಾಸ ಹಿಡಿಯುವವನು, ತಾನು ಎತ್ತಿ ಆಡಿಸಿದ ಹುಡುಗನ ಎದುರು ಬರಿಗೈಯಲ್ಲಿ ನಿಂತ.

ಜೇಬಿನಲ್ಲಿ ಫೋನು ನಡುಗಿತು.

ಪ್ರೇಮಾವತಿ.

ಅಮರ ತಲೆ ಅಲ್ಲಾಡಿಸಿದ. ಬೇಡ. ಶಿವಪುತ್ರಪ್ಪ ಕರೆಯನ್ನು ತಳ್ಳಿಹಾಕಲೆಂದೇ ಬೆರಳಿಟ್ಟ. ನಿಂಬೆರಸ ಹತ್ತಿದ ಬೆರಳು ಗಾಜಿನ ಮೇಲೆ ಜಾರಿತು. ಕರೆ ಹತ್ತಿಕೊಂಡಿತು.

“ಹಲೋ, ಹೊರಟ್ರಾ?” ಅದೇ ಮೆತ್ತನೆಯ, ಅವಸರವಿಲ್ಲದ ದನಿ. “ಟ್ರಾಫಿಕ್ ಉಂಟು, ಬೇಗ ಬಿಡಿ. ಅಳಿಯನನ್ನೂ ಕರ್ಕೊಂಡು ಬನ್ನಿ ಆಯ್ತಾ.”

“ಹೂಂ,” ಅಂದ ಶಿವಪುತ್ರಪ್ಪ.

“ಮತ್ತೆ, ಅಮರನ ಅಂಗೈ ಗಾಯ ಹೇಗುಂಟು? ಮಾಸಿತಾ?”

ಅಮರನ ಕೈ ಇನ್ನೂ ಬಿಚ್ಚಿಯೇ ಇತ್ತು. ಶಿವಪುತ್ರಪ್ಪ ಅದನ್ನೇ ನೋಡುತ್ತ ನಿಂತ. ಆ ದಿನದ ಡ್ರೈವರನ್ನು ನೋಡಲೇ ಇಲ್ಲ ಎಂದಿದ್ದ ಹೆಂಗಸಿಗೆ ಅವನು ಅಳಿಯನ ಹೆಸರು ಹೇಳಿರಲಿಲ್ಲ. ಗಾಯದ ಮಾತನ್ನಂತೂ ಎತ್ತಿರಲೇ ಇಲ್ಲ.